ನಾಡೋಜ ಕೆ. ಪಿ. ರಾವ್: ಕನ್ನಡ ಕೀಲಿಮಣೆಯ ಶಿಲ್ಪಿ

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಇಂದು ವ್ಯಾಪಕವಾಗಿ ಬಳಸುವ ಕೀಲಿಮಣೆಯ ಮೂಲ ವಿನ್ಯಾಸವನ್ನು ರೂಪಿಸಿದವರು ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್. ಕೆ. ಪಿ. ರಾವ್ ಎಂದೇ ಇವರು ಪರಿಚಿತರು. ಹುಟ್ಟಿದ್ದು 1940ರಲ್ಲಿ, ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ.

ಶ್ರೀಯುತರು ವೃತ್ತಿಜೀವನದ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಸಿಂಧೂ ಲಿಪಿಯ ಅಧ್ಯಯನಕ್ಕೆ ಕಂಪ್ಯೂಟರ್ ಬಳಸುವ ಕಾರ್ಯದಲ್ಲಿ ವಿದ್ವಾಂಸ ಐರಾವತಂ ಮಹಾದೇವನ್ ಅವರ ಜೊತೆಗಾರರಾಗಿದ್ದರು. ಮುಂದೆ ಟಾಟಾ ಪ್ರೆಸ್, ಮೋನೋಟೈಪ್ ಸಂಸ್ಥೆಗಳಲ್ಲಿ ಮುದ್ರಣ ತಂತ್ರಜ್ಞಾನದ ಕೆಲಸ. ಭಾರತೀಯ ಭಾಷೆಗಳ ಅಕ್ಷರಗಳನ್ನು ಯಂತ್ರಕ್ಕೆ ಹೇಗೆ ಕಲಿಸುವುದು ಎಂಬ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡದ್ದು ಈ ವರ್ಷಗಳಲ್ಲಿ.

ಉತ್ತರ ಬಹಳ ಸರಳ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಜೋಡಿಸಬೇಕಿತ್ತು. ರಾಯರು ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ನಾವು ಧ್ವನಿಯನ್ನು ಒತ್ತಿದರೆ ಸಾಕು, ರೂಪವನ್ನು ಯಂತ್ರವೇ ಆರಿಸಿಕೊಳ್ಳುತ್ತದೆ. 'ಕನ್ನಡ' ಎಂದು ಬರೆಯಲು ಇಂಗ್ಲಿಷ್ ಕೀಲಿಗಳಾದ ಕೆ, ಎನ್, ಎಫ್, ಎನ್, ಡಬ್ಲ್ಯು ಇವಿಷ್ಟೇ ಬೇಕು. ಇಲ್ಲಿ 'ಎಫ್' ಒತ್ತಕ್ಷರ ಮೂಡಿಸುವ ಕೊಂಡಿ. ಶಿಫ್ಟ್ ಹಿಡಿದು 'ಕೆ' ಒತ್ತಿದರೆ ಮಹಾಪ್ರಾಣ 'ಖ' ಬರುತ್ತದೆ. ('ಡ'ಗೆ ಡಬ್ಲ್ಯು ಏಕೆಂದು ಹೊಸಬರು ಕೇಳುವುದುಂಟು. ಅದೊಂದನ್ನು ಬಾಯಿಪಾಠ ಮಾಡಲೇಬೇಕು.)

ಈ ವಿನ್ಯಾಸವನ್ನು ಅಳವಡಿಸಿ ಸಿದ್ಧಪಡಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ 'ಸೇಡಿಯಾಪು' ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಕೀಲಿಮಣೆಗೂ ಹಣ ಕೇಳಲಿಲ್ಲ. ಇದರ ಬೆಲೆ ಅಂದಿನ ಪರಿಸ್ಥಿತಿ ನೆನಪಿರುವವರಿಗೆ ಗೊತ್ತು. ಒಂದು ಕಡೆ ಟೈಪ್ ಮಾಡಿದ್ದು ಇನ್ನೊಂದು ಕಡೆ ತೆರೆದರೆ ಬರೀ ಗೊಂದಲದ ಗುರುತುಗಳು, ಕಂಪನಿಗೊಂದು ಕೀಲಿಮಣೆ. ಬಳಿಕ ರಾಜ್ಯ ಸರ್ಕಾರ ಒಪ್ಪಿದ ಏಕರೂಪದ ಕೀಲಿಮಣೆಗೆ ರಾಯರ ವಿನ್ಯಾಸವೇ ಆಧಾರವಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಅದನ್ನು ಕಚೇರಿ ಕಚೇರಿಗೆ ತಲುಪಿಸಿತು.

ವಿಜಯಪುರದ ಸೊಲ್ಲಾಪುರ ರಸ್ತೆ ಹಿಂದೆ ರಾಷ್ಟ್ರೀಯ ಹೆದ್ದಾರಿ 13ರ ಭಾಗವಾಗಿತ್ತು. ಸೊಲ್ಲಾಪುರದಲ್ಲಿ ಹೊರಟ ಆ ಹೆದ್ದಾರಿ ಚಿತ್ರದುರ್ಗ, ಶಿವಮೊಗ್ಗ, ಮೂಡುಬಿದಿರೆ ಹಾದು ಮಂಗಳೂರಿನಲ್ಲಿ ಮುಗಿಯುತ್ತಿತ್ತು. ಈಗ ಅದರ ತುಂಡುಗಳಿಗೆ ಬೇರೆ ಬೇರೆ ಸಂಖ್ಯೆಗಳಿವೆ. ಸೊಲ್ಲಾಪುರ ರಸ್ತೆಯಲ್ಲಿ 'ನುಡಿ' ಕಲಿತ ಹುಡುಗಿಯೊಬ್ಬಳು ಮಂಗಳೂರಿಗೆ ಕೆಲಸಕ್ಕೆ ಬಂದರೆ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ.

ನಮ್ಮ ಧರ್ಮಪ್ರಾಂತ್ಯಕ್ಕೂ ಈ ಋಣವಿದೆ. ಕರಾವಳಿಯ ಕಥೋಲಿಕರ ಕೊಂಕಣಿ ಕನ್ನಡ ಲಿಪಿಯಲ್ಲೇ ಬದುಕುತ್ತಿದೆ. 1938ರಲ್ಲಿ ಆರಂಭವಾದ 'ರಾಕ್ಣೊ' ಪತ್ರಿಕೆಯೂ ಅದೇ ಲಿಪಿಯದು. ಚರ್ಚಿನ ಪ್ರಕಟಣೆ, ಮರಣದ ಸುದ್ದಿ, ಹಬ್ಬದ ಕಾರ್ಯಕ್ರಮ, ಯಾವುದೇ ಇರಲಿ, ಕನ್ನಡಕ್ಕೆಂದು ಮಾಡಿದ ಉಪಕಾರ ಕೊಂಕಣಿಗೂ ತುಳುವಿಗೂ ದಕ್ಕಿದೆ.

ನಿವೃತ್ತಿಯ ನಂತರ ಊರ ಕಡೆಗೆ ಮರಳಿದ ರಾಯರು ಮಣಿಪಾಲದಲ್ಲಿ ಪಾಠ ಮಾಡಿದರು. ಪ್ರಾಚೀನ ಲಿಪಿಗಳ ಹವ್ಯಾಸ ಬಿಡಲಿಲ್ಲ, ತುಳು ಲಿಪಿಗೂ ಕಂಪ್ಯೂಟರ್ ಅಕ್ಷರಗಳನ್ನು ರೂಪಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ನಾಡೋಜ ಗೌರವ ನೀಡಿತು. ಎಂಬತ್ತರ ವಯಸ್ಸಿನ ಹೊತ್ತಿಗೆ ಕಾದಂಬರಿಯನ್ನೂ ಹೊರತಂದರು. ಅದರ ಹೆಸರು 'ವರ್ಣಕ'.