ಆಂಗ್ವಿಲ್ಲಾ: ಹಾಯಿದೋಣಿಯಲ್ಲಿ ಉಳಿದ ಕೂಲಿಕಾರರ ಇತಿಹಾಸ

ರಾಷ್ಟ್ರೀಯ ಕ್ರೀಡೆ ಯಾವುದು ಅಂತ ಕೇಳಿದರೆ ಮಕ್ಕಳು ಥಟ್ಟನೆ ಕ್ರಿಕೆಟ್, ಹಾಕಿ, ಫುಟ್‌ಬಾಲ್ ಅನ್ನುತ್ತಾರೆ. ಕೆರಿಬಿಯನ್ ಸಮುದ್ರದ ಆಂಗ್ವಿಲ್ಲಾ ಎಂಬ ಪುಟ್ಟ ದ್ವೀಪದಲ್ಲಿ ಈ ಪ್ರಶ್ನೆಗೆ ಉತ್ತರ ಹಾಯಿದೋಣಿ ಪಂದ್ಯ. ಶ್ರೀಮಂತರ ಶೋಕಿಯಿಂದ ಹುಟ್ಟಿದ ಆಟ ಅಲ್ಲ ಇದು. ಹೊಟ್ಟೆಪಾಡಿಗೆ ಊರು ಬಿಟ್ಟವರು ಕೊಟ್ಟ ಆಟ.

ಆಂಗ್ವಿಲ್ಲಾದ ವಿಸ್ತೀರ್ಣ ಸುಮಾರು 91 ಚದರ ಕಿಲೋಮೀಟರ್ ಅಷ್ಟೇ. 1650ರಲ್ಲಿ ಇಂಗ್ಲಿಷರು ಇಲ್ಲಿ ನೆಲೆಯೂರಿದರು. ಆಫ್ರಿಕಾದ ಜನರನ್ನು ಗುಲಾಮರನ್ನಾಗಿಸಿ ಹೊಲಗಳಲ್ಲಿ ದುಡಿಸಿದರು. ಆದರೆ ಮಣ್ಣು ತೆಳು, ಮಳೆ ಕಡಿಮೆ. ಪಕ್ಕದ ದ್ವೀಪಗಳಲ್ಲಿ ಕೈಹಿಡಿದ ಕಬ್ಬು ಇಲ್ಲಿ ಕೈಕೊಟ್ಟಿತು. 1834ರ ಆಗಸ್ಟ್ 1ರಂದು ಗುಲಾಮಗಿರಿಯನ್ನು ರದ್ದುಮಾಡುವ ಕಾನೂನು ಜಾರಿಗೆ ಬಂತು. ಆಮೇಲೆ ಎಷ್ಟೋ ಬಿಳಿಯ ಜಮೀನುದಾರರು ಜಾಗ ಖಾಲಿ ಮಾಡಿದರು. ಬಿಡುಗಡೆಯಾದವರು ತುಂಡು ತುಂಡು ಭೂಮಿಗೆ ಒಡೆಯರಾದರು.

ಬರ ಬಿದ್ದಾಗ ಆಡಳಿತದವರು ದ್ವೀಪದ ಜನರನ್ನೆಲ್ಲ ದಕ್ಷಿಣ ಅಮೆರಿಕದ ಡೆಮೆರಾರಾಕ್ಕೆ ಸಾಗಿಸುವ ಯೋಚನೆ ಮುಂದಿಟ್ಟರು. ಜನ ಒಪ್ಪಲಿಲ್ಲ. ನೆನಪಿಡಿ, 1838ರಿಂದ ಭಾರತದ ಕೂಲಿಕಾರರನ್ನು ಕರಾರಿನ ಮೇಲೆ ಹಡಗು ಹತ್ತಿಸಿದ್ದೂ ಇದೇ ಡೆಮೆರಾರಾದ ಕಬ್ಬಿನ ತೋಟಗಳಿಗೆ.

ನೆಲ ಬಿಡಲಿಲ್ಲ ನಿಜ, ಆದರೆ ಹೊಟ್ಟೆ ಕೇಳಬೇಕಲ್ಲ? ಗಂಡಸರು ಸ್ಕೂನರ್ ಎಂಬ ಹಾಯಿಹಡಗು ಹತ್ತಿ ಡೊಮಿನಿಕನ್ ಗಣರಾಜ್ಯಕ್ಕೆ ಕಬ್ಬು ಕಡಿಯಲು ಹೋಗತೊಡಗಿದರು. ಹೋಗುವಾಗ ಪೂರ್ವದ ಗಾಳಿ ಬೆನ್ನಿಗೆ. ಬರುವಾಗ ಅದೇ ಗಾಳಿ ಎದುರಿಗೆ. ಹಾಯಿ ತಿರುಗಿಸುತ್ತ, ಅಂಕುಡೊಂಕಾಗಿ ಸಾಗಬೇಕು. ಮಜೂರಿಯ ಹಣ ಕಟ್ಟಿಕೊಂಡು ಯಾರು ಮೊದಲು ಮನೆ ಮುಟ್ಟುತ್ತಾರೆ ಎಂಬ ಪೈಪೋಟಿ ಹಡಗು ಹಡಗುಗಳ ನಡುವೆ ಶುರುವಾಯಿತು. ಮೀನುಗಾರರೂ ಹಾಗೇ ದಡಕ್ಕೆ ಪಂದ್ಯ ಕಟ್ಟುತ್ತಿದ್ದರು. ಇಂದಿನ ಆಟದ ಬೇರು ಇಲ್ಲಿದೆ.

ಪಂದ್ಯದ ದೋಣಿಯನ್ನು ದ್ವೀಪದಲ್ಲೇ ಕಟ್ಟುತ್ತಾರೆ. ಮೇಲ್ಹಾಸು ಇಲ್ಲ, ಕಂಬ ಒಂದೇ, ಹಾಯಿ ಮಾತ್ರ ಬಲು ದೊಡ್ಡದು. ದೋಣಿ ಮಗುಚದಂತೆ ಮರಳಿನ ಚೀಲ ಹೇರುತ್ತಾರೆ. ಸಿಬ್ಬಂದಿಯ ಮೈಭಾರವೂ ಲೆಕ್ಕಕ್ಕೆ ಬರುತ್ತದೆ. ಭಾರ ಇಳಿಸಬೇಕಾದರೆ ಕೆಲವರು ನೀರಿಗೇ ಹಾರುವುದುಂಟು!

ವಾರ್‌ಸ್ಪೈಟ್ ಎಂಬ ಹೆಸರಾಂತ ಸ್ಕೂನರ್ 1984ರ ಕ್ಲಾಸ್ ಚಂಡಮಾರುತಕ್ಕೆ ಸಿಕ್ಕಿ ನಾಶವಾಯಿತು. ಹಡಗು ಹೋಯಿತು, ಪಂದ್ಯ ಉಳಿಯಿತು.

ಈ ಜನರ ಹಠ ರಾಜಕೀಯದಲ್ಲೂ ಕಂಡಿತು. ಬ್ರಿಟನ್ ಇವರನ್ನು ಸೇಂಟ್ ಕಿಟ್ಸ್ ಸರ್ಕಾರದ ಕೈಗೆ ಕೊಟ್ಟಾಗ, 1967ರ ಮೇ 30ರಂದು ಅಲ್ಲಿಯ ಪೊಲೀಸರನ್ನು ದ್ವೀಪದಿಂದ ಹೊರಗೆ ಕಳಿಸಿದರು. ಜುಲೈನ ಜನಮತಗಣನೆಯಲ್ಲಿ ಪ್ರತ್ಯೇಕತೆಗೆ 1,813 ಮತ, ವಿರುದ್ಧ ಬರೀ 5. 1969ರಲ್ಲಿ ಬ್ರಿಟಿಷ್ ಸೈನಿಕರು ಬಂದಿಳಿದರೂ ಜನ ಬಗ್ಗಲಿಲ್ಲ. 1980ರಲ್ಲಿ ಪ್ರತ್ಯೇಕತೆ ಅಧಿಕೃತವಾಯಿತು. ಆಂಗ್ವಿಲ್ಲಾ ಇಂದಿಗೂ ಬ್ರಿಟನ್ನಿನ ಅಧೀನದಲ್ಲಿದೆ, ಆದರೆ ಸೇಂಟ್ ಕಿಟ್ಸ್ ಆಳ್ವಿಕೆಯಲ್ಲಿಲ್ಲ.

ಕೂಲಿಗೆ ಹೋದವರ ಹೆಸರನ್ನು ಇತಿಹಾಸದ ಪುಸ್ತಕಗಳು ಬರೆದಿಡುವುದು ಅಪರೂಪ. ಆಂಗ್ವಿಲ್ಲಾದವರು ಅವರ ದಾರಿಯನ್ನು ಆಟದಲ್ಲಿ ಉಳಿಸಿಕೊಂಡರು. ಈಗಲೂ ಮೇ 30ರಂದು ದ್ವೀಪದ ಸುತ್ತ ಪಂದ್ಯ ನಡೆಯುತ್ತದೆ. ಆಗಸ್ಟ್‌ನ ಮೊದಲ ಸೋಮವಾರ, ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ, ಸ್ಯಾಂಡಿ ಗ್ರೌಂಡ್ ದಡದಲ್ಲಿ ಊರಿಗೆ ಊರೇ ಸೇರಿ ಹಾಯಿಗಳಿಗಾಗಿ ಕಾಯುತ್ತದೆ.