ಸ್ವಲೀನ ಶಿಶುಗಳೂ ತಾಯ್ತಂದೆಗಳೂ

ಮಗುವಿಗೆ ತಾಯಿಯೇ ಮೊದಲ ಗುರುವೆಂಬ ಮಾತು ಕನ್ನಡನಾಡಿನಲ್ಲಿ ಹಳೆಯದು. ಹೊಗಳಿಕೆಯ ಈ ಮಾತೇ ಒಮ್ಮೊಮ್ಮೆ ಆರೋಪವಾಗಿ ಪರಿಣಮಿಸುವುದೂ ಉಂಟು. ಎರಡು ವರ್ಷ ತುಂಬಿದರೂ ಮಗು ಮಾತಾಡದಿದ್ದರೆ, ಹೆಸರು ಹಿಡಿದು ಕರೆದರೂ ಹೊರಳಿ ನೋಡದಿದ್ದರೆ, ಬೆರಳು ಚಾಚಿ ಏನನ್ನೂ ತೋರಿಸದಿದ್ದರೆ, ನೆರೆಹೊರೆಯವರ ದೃಷ್ಟಿ ಮೊದಲು ಬೀಳುವುದು ತಾಯಿಯ ಮೇಲೆಯೇ. ಇಂತಹ ಮಕ್ಕಳಲ್ಲಿ ಕೆಲವರ ಸ್ಥಿತಿಗೆ ಆಟಿಸಂ ಎಂದೂ, ಕನ್ನಡದಲ್ಲಿ ಸ್ವಲೀನತೆಯೆಂದೂ ಹೆಸರಿದೆ. ಇವರ ಶಿಕ್ಷಣದ ಚರಿತ್ರೆಯು ಬಹುಮಟ್ಟಿಗೆ ಇವರ ತಾಯ್ತಂದೆಗಳ ಚರಿತ್ರೆಯೇ ಆಗಿದೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ಮೊದಲಬಾರಿಗೆ ಸ್ಪಷ್ಟವಾಗಿ ವರ್ಣಿಸಿದನು. ಇದು ಹುಟ್ಟಿನಿಂದಲೇ ಬಂದುದೆಂದು ಆತನು ಹೇಳಿದನು. ಆದರೆ ಅದೇ ಲೇಖನದಲ್ಲಿ ಈ ಮಕ್ಕಳ ತಾಯ್ತಂದೆಗಳಲ್ಲಿ ಹೃದಯದ ಬೆಚ್ಚನೆಯ ಗುಣವು ವಿರಳವೆಂದೂ ಬರೆದನು. ಮುಂದಿನ ಎರಡು ದಶಕಗಳಲ್ಲಿ ಈ ಎರಡನೆಯ ಮಾತೇ ಬೆಳೆಯಿತು. ತಾಯಿಯ ಮನಸ್ಸು ಮಂಜಿನಂತೆ ತಣ್ಣಗಿರುವುದರಿಂದ ಮಗು ತನ್ನೊಳಗೆ ತಾನು ಮುದುಡಿಕೊಳ್ಳುವುದೆಂದು ಹಲವು ಪಂಡಿತರು ಸಾರಿದರು. ಷಿಕಾಗೋ ನಗರದ ಬ್ರೂನೋ ಬೆಟೆಲ್‌ಹೈಮ್ 1967ರ ತನ್ನ ಗ್ರಂಥದಲ್ಲಿ ಈ ವಾದವನ್ನು ಲೋಕಪ್ರಸಿದ್ಧಗೊಳಿಸಿದನು. ಈ ವಾದವನ್ನು ನಂಬಿದವರಿಗೆ ಮಗುವನ್ನು ಮನೆಯಿಂದ ದೂರವಿಡುವುದೇ ಚಿಕಿತ್ಸೆಯಾಗಿ ಕಂಡಿತು.

ಈ ಅಪವಾದವನ್ನು ತೊಡೆದವರಲ್ಲಿ ಇಂತಹ ಮಕ್ಕಳನ್ನು ಹೆತ್ತವರೇ ಮುಂದಾಳುಗಳಾದರು. 1962ರಲ್ಲಿ ಲಂಡನ್ನಿನಲ್ಲಿ ತಾಯ್ತಂದೆಗಳು ಸಂಘ ಕಟ್ಟಿದರು. ಇಂತಹ ಮಗುವೊಂದರ ತಂದೆಯಾದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಗ್ರಂಥ ಬರೆದು, ಸ್ವಲೀನತೆಯ ಮೂಲವು ಶರೀರದಲ್ಲಿದೆಯೇ ಹೊರತು ಲಾಲನೆಯಲ್ಲಿಲ್ಲವೆಂದು ವಾದಿಸಿದನು. 1969ರಲ್ಲಿ ಕ್ಯಾನರನೇ ತಾಯ್ತಂದೆಗಳ ಸಭೆಯೊಂದರಲ್ಲಿ ಅವರನ್ನು ನಿರ್ದೋಷಿಗಳೆಂದು ಸಾರಿದನು. 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟರ್ ಎಂಬವರು 21 ಅವಳಿಜೋಡಿಗಳನ್ನು ಪರೀಕ್ಷಿಸಿ, ಇದರಲ್ಲಿ ಅನುವಂಶಿಕತೆಯ ಪಾತ್ರವು ಪ್ರಬಲವೆಂದು ತೋರಿಸಿದರು. ಈ ನಡುವೆ ನಾರ್ತ್ ಕ್ಯಾರೊಲೈನಾದ ಎರಿಕ್ ಷೋಪ್ಲರ್ ಮತ್ತು ಸಂಗಡಿಗರು ತಾಯ್ತಂದೆಗಳನ್ನು ಚಿಕಿತ್ಸೆಯ ಸಹೋದ್ಯೋಗಿಗಳಾಗಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅಪರಾಧಿಗಳೆನಿಸಿದ್ದವರು ಹೀಗೆ ಅಧ್ಯಾಪಕರಾದರು.

ಭಾರತದಲ್ಲಿಯೂ ಈ ಪದ್ಧತಿಯು ಬೇರೂರಿತು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ತಾಯಂದಿರೂ ಮಕ್ಕಳೊಡನೆ ಕುಳಿತು ಕಲಿಯುವ ಕ್ರಮ ಬಂದಿತು. 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರಿಗಾಗಿ ರಾಷ್ಟ್ರೀಯ ಸಂಸ್ಥೆಯು ಪ್ರಾರಂಭವಾಯಿತು. 1991ರಲ್ಲಿ ಸ್ವಲೀನ ಬಾಲಕನ ತಾಯಿಯಾದ ಮೇರಿ ಬರುವಾ ದಿಲ್ಲಿಯಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಸಂಸ್ಥೆಯನ್ನು ಸ್ಥಾಪಿಸಿದರು. ಹೆತ್ತವರೂ ಮಗುವೂ ಕೂಡಿ ಕಲಿಯುವ ಮೂರು ತಿಂಗಳ ತರಬೇತಿಯು ಅಲ್ಲಿ ಬೆಳೆಯಿತು. 2000ದಲ್ಲಿ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಪ್ರಾರಂಭಿಸಿದ ‘ಕಾಂ ಡೀಲ್’ ಕ್ರಮದಲ್ಲಿಯೂ, ಆರು ವರ್ಷದೊಳಗಿನ ಮಕ್ಕಳೊಡನೆ ತಾಯ್ತಂದೆಗಳಿಗೆ ಸ್ಥಾನವಿದೆ.

ಇಷ್ಟಾದರೂ ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿರುವ ಜನವಾಡದಂತಹ ಊರಿಗೆ ಬೆಂಗಳೂರು ಸುಮಾರು 700 ಕಿಲೋಮೀಟರು ದೂರ. ಒಂದು ಕಾಲಕ್ಕೆ ಈ ಜಿಲ್ಲೆಯ ರಾಜಧಾನಿಯಾಗಿದ್ದ ಹೈದರಾಬಾದೂ 140 ಕಿಲೋಮೀಟರಿಗೆ ಕಡಮೆಯಿಲ್ಲ. ವಾರವಾರವೂ ಮಗುವನ್ನೆತ್ತಿಕೊಂಡು ಅಷ್ಟು ದೂರ ಹೋಗಿಬರುವ ಶಕ್ತಿ ಕೂಲಿನಾಲಿಯ ಕುಟುಂಬಕ್ಕೆಲ್ಲಿಯದು? ಆದಕಾರಣ ಮನೆಯೊಳಗಿನ ಶಿಕ್ಷಣವು ಇಲ್ಲಿಯವರ ಪಾಲಿಗೆ ಅನಿವಾರ್ಯವಾಗುವುದು.

ಆ ಶಿಕ್ಷಣದ ತಿರುಳು ಸರಳವಾದುದು. ಅವ್ವ ಜೋಳದ ರೊಟ್ಟಿ ಬಡಿಯುತ್ತಿರುವಾಗ ಮಗು ಹಿಟ್ಟಿನ ಕಡೆ ನೋಡಿದರೆ ಆಕೆ “ಹಿಟ್ಟು” ಎನ್ನಬೇಕು. ಮಗು ತಟ್ಟಿದರೆ ತಾನೂ ಅದರಂತೆಯೇ ತಟ್ಟಬೇಕು. ರೊಟ್ಟಿಯ ಚೂರನ್ನು ಒಡನೆಯೇ ಕೊಡದೆ, ಮಗುವಿನ ಕಣ್ಣೋ ಕೈಯೋ ದನಿಯೋ ಕೇಳುವವರೆಗೆ ಕ್ಷಣಕಾಲ ಕಾಯಬೇಕು. ಮಾತಾಡೆಂದು ಪೀಡಿಸುವುದಕ್ಕಿಂತ ಮಗುವಿನ ಲಕ್ಷ್ಯವಿರುವ ಕಡೆಗೆ ತಾನು ಹೋಗುವುದು ಇಲ್ಲಿಯ ನಿಯಮ. ತಾಯಿಗೆ ಕಷ್ಟವಾಗುವುದು ಈ ಕಾಯುವ ಕೆಲಸವೇ. ಅದನ್ನು ಪಕ್ಕದಲ್ಲಿ ಕುಳಿತು ತೋರಿಸಿಕೊಡುವವರು ಬೇಕು.

ಆ ಸಹಾಯಕರು ವೈದ್ಯರೇ ಆಗಿರಬೇಕೆ? ಗೋವಾದಲ್ಲಿಯೂ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳನ್ನು ಕುರಿತು ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ಉತ್ತರ ಕೊಟ್ಟಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ ಹನ್ನೆರಡು ಸಲ ಹೆತ್ತವರೊಡನೆ ಕುಳಿತು, ಅವರು ಮಗುವಿನೊಡನೆ ಆಡಿದ ಆಟದ ಚಲಚ್ಚಿತ್ರವನ್ನು ಅವರಿಗೇ ತೋರಿಸಿ ವಿವರಿಸಿದರು. ಹೆತ್ತವರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು. ಮಗು ತಾನಾಗಿಯೇ ಅವರನ್ನು ಸಮೀಪಿಸುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲಿಯೂ ಗುಣ ಕಂಡಿತೆಂದಲ್ಲ. ಆದರೂ ಅಂಗನವಾಡಿಯಿರುವ ಪ್ರತಿಯೊಂದು ಊರಿಗೂ ಇದು ಆಶಾದಾಯಕವಾದ ಸಂಗತಿ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿಯ ಮಕ್ಕಳ ತಪಾಸಣೆಯಲ್ಲಿ ಸ್ವಲೀನತೆಯನ್ನೂ ಸೇರಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಅದನ್ನು ಹೆಸರಿಸಿ ಗುರುತಿಸಿದೆ.

ಬೀದರ ಸೀಮೆಗೆ ವಿಶೇಷವಾದ ಪ್ರಶ್ನೆಯೊಂದುಂಟು. ಇಲ್ಲಿ ಮನೆಯಲ್ಲೊಂದು ನುಡಿ, ಓಣಿಯಲ್ಲೊಂದು ನುಡಿ. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುವುವು. ಹಲವು ನುಡಿಗಳಿಂದ ಮಗು ಗೊಂದಲಗೊಂಡೀತೆಂದು ಹೆದರಿ ಮನೆಮಾತನ್ನೇ ಬಿಡುವ ಕುಟುಂಬಗಳೂ ಇವೆ. ಎರಡು ನುಡಿಗಳ ನಡುವೆ ಬೆಳೆದುದರಿಂದಲೇ ಸ್ವಲೀನ ಮಗುವಿನ ಮಾತು ಹಿಂದೆ ಬೀಳುವುದೆಂಬುದಕ್ಕೆ ಸಂಶೋಧನೆಯಲ್ಲಿ ಆಧಾರ ದೊರೆತಿಲ್ಲ. ತಾಯಿಯು ತನಗೆ ಸಹಜವಾದ ನುಡಿಯಲ್ಲಿಯೇ ಮಗುವನ್ನು ಚೆನ್ನಾಗಿ ಆಡಿಸಬಲ್ಲಳು.

ಕಡೆಯಲ್ಲಿ ಒಂದು ಎಚ್ಚರಿಕೆಯು ಅಗತ್ಯ. ಕಲಿತ ತಾಯಿಯ ಮಗುವೂ ಮಾತಾಡದೆ ಉಳಿಯಬಹುದು. ಆಗ ಆಕೆ ಸರಿಯಾಗಿ ಕಲಿಸಲಿಲ್ಲವೆಂಬ ಮಾತು ಹುಟ್ಟಿದರೆ, ಹಳೆಯ ಆರೋಪವು ಹೊಸ ವೇಷದಲ್ಲಿ ಅದೇ ಹೊಸ್ತಿಲಿಗೆ ಮರಳಿದಂತಾಗುವುದು. ತಂದೆಯೂ ಅಜ್ಜಿಯೂ ಈ ಕೆಲಸದಲ್ಲಿ ಪಾಲುಗೊಳ್ಳಬೇಕು. ಬೇಗನೆ ಗುರುತಿಸುವ ಕಣ್ಣೂ, ಮನೆಗೆ ಬಂದು ಕಲಿಸುವ ಕೈಯೂ ಸರಕಾರದಿಂದ ದೊರೆಯಬೇಕು. ಒಲೆಯ ಮುಂದೆ ಕುಳಿತ ಅವ್ವನು ಗುರುವಾಗಲು ಸಿದ್ಧಳಿದ್ದಾಳೆ. ಆಕೆಯನ್ನು ಒಬ್ಬಂಟಿಯಾಗಿ ಬಿಡದಿರುವುದು ಊರಿನ ಕರ್ತವ್ಯ.