ಬಾಣಂತಿಯ ವಿಷಾದ ಮತ್ತು ಬಾನು ಮುಷ್ತಾಕರ ಬರವಣಿಗೆ

ಕನ್ನಡನಾಡಿನಲ್ಲಿ ಮನೋರೋಗಚಿಕಿತ್ಸೆಯ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಆಸ್ಪತ್ರೆಗಳ ಚರಿತ್ರೆಯನ್ನೇ ಬರೆದಿರುವರು. ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದುದು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾದುದು, 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆದುದು, ಇವೆಲ್ಲವೂ ದಾಖಲೆಗಳಲ್ಲಿ ಸುಲಭವಾಗಿ ದೊರೆಯುತ್ತವೆ. 1985ರಲ್ಲಿ ಈ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯಕೇಂದ್ರಗಳಿಗೆ ಒಯ್ಯುವ ಪ್ರಯೋಗವು ನಮ್ಮ ಮೊಳಕಾಲ್ಮೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ನಡೆದು, 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಆಸ್ಪತ್ರೆಯ ಬಾಗಿಲನ್ನು ಎಂದೂ ಕಾಣದೆ, ಮನೆಯ ನಾಲ್ಕು ಗೋಡೆಗಳ ನಡುವೆಯೇ ಬೆಂದ ಹೆಂಗಸಿನ ಮನಸ್ಸಿನ ಚರಿತ್ರೆ ಈ ಕಾಗದಗಳಲ್ಲಿಲ್ಲ. ಅದಕ್ಕಾಗಿ ನಾವು ಸಾಹಿತ್ಯದ ಕಡೆಗೇ ತಿರುಗಬೇಕಾಗುತ್ತದೆ.

ತಿರುಗಿದಾಗ ಮೊದಲು ಕಾಣಿಸುವವರು ತ್ರಿವೇಣಿಯವರು. ಹೆರಿಗೆಯ ತರುವಾಯ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಗುಣಹೊಂದಿ ಬಂದ ಮೇಲೂ ಮನೆಯವರ ಸಂಶಯದೃಷ್ಟಿಯಿಂದ ಬಿಡುಗಡೆ ಕಾಣದ ಕಾವೇರಿಯನ್ನು 'ಶರಪಂಜರ'ದಲ್ಲಿ ಚಿತ್ರಿಸಿದ ಆ ಲೇಖಕಿ 1963ರಲ್ಲಿ ತಾವೇ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತ್ರಿವೇಣಿಯವರು ಪಾತ್ರದ ಮೂಲಕ ನುಡಿದುದನ್ನು ಮುಂದೆ ಸ್ವಂತ ಬಾಳಿನ ಸಾಕ್ಷ್ಯವಾಗಿ ನಿಸ್ಸಂಕೋಚವಾಗಿ ನುಡಿದವರು ಹಾಸನದ ಬಾನು ಮುಷ್ತಾಕರು.

1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು ಅವರ ಮನೆಮಾತು ದಖನಿ ಉರ್ದು. ತಂದೆಯವರು ಮಗಳನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗೆಯ ಕ್ರೈಸ್ತ ಮಿಶನರಿಗಳ ಕನ್ನಡ ಶಾಲೆಗೆ ಸೇರಿಸಿದಾಗ, ಆರು ತಿಂಗಳೊಳಗಾಗಿ ಕನ್ನಡ ಓದು ಬರಹ ಕಲಿಯತಕ್ಕುದೆಂಬ ಷರತ್ತನ್ನು ಶಾಲೆಯವರು ವಿಧಿಸಿದ್ದರು. ಬಾಲಕಿಯು ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ತಾವು ಮೆಚ್ಚಿದವರನ್ನೇ ಇಪ್ಪತ್ತಾರರ ಹರೆಯದಲ್ಲಿ ವರಿಸಿದರು; ಮೊದಲ ಕಥೆ 'ಪ್ರಜಾಮತ'ದಲ್ಲಿ ಅಚ್ಚಾಯಿತು. ಆದರೆ ಮದುವೆಯ ಬಳಿಕ ಮನೆಗೆಲಸದ ಕಟ್ಟುಪಾಡಿನೊಳಗೆ ಬದುಕು ಕುಗ್ಗಿ, ಇಪ್ಪತ್ತೊಂಬತ್ತರಲ್ಲಿ ತಾಯಿಯಾದಾಗ ಅವರನ್ನು ಆವರಿಸಿದ ವಿಷಾದವು ಪ್ರಾಣತ್ಯಾಗದ ಅಂಚಿನವರೆಗೂ ಒಯ್ದಿತು. ಪತಿಯು ಹಸುಗೂಸನ್ನು ಅವರ ಪಾದದ ಬಳಿ ಮಲಗಿಸಿ, ತಮ್ಮನ್ನು ತೊರೆದುಹೋಗಬಾರದೆಂದು ಅಂಗಲಾಚಿದ್ದರಿಂದ ಆ ಗಳಿಗೆ ಕಳೆಯಿತೆಂದು ಅವರೇ ಬಹಿರಂಗವಾಗಿ ಹೇಳಿರುವರು. ಆತ್ಮಹತ್ಯೆಯ ಯತ್ನವನ್ನು ದಂಡನೀಯ ಅಪರಾಧವೆಂದು ಕಾನೂನು ಎಣಿಸುತ್ತಿದ್ದ ಕಾಲವದು. ತೀವ್ರ ಮಾನಸಿಕ ಒತ್ತಡದ ಫಲವೆಂದು ಅದನ್ನು ಭಾವಿಸಿ ಆರೈಕೆಯನ್ನೊದಗಿಸಬೇಕೆಂಬ ವಿಧಿ ಬಂದುದು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ. ಮುಂದೆ ತಾವೇ ವಕೀಲರಾದ ಲೇಖಕಿಗೆ ಈ ಅಂತರದ ಅರಿವು ಇಲ್ಲದಿರಲಾರದು.

ಆ ವಿಷಾದದಿಂದ ಹೊರಬರಲು ಅವರು ಹಿಡಿದ ದಾರಿ ಬರವಣಿಗೆ. 'ಲಂಕೇಶ್ ಪತ್ರಿಕೆ'ಯ ವರದಿಗಾರಿಕೆ, ಬಂಡಾಯ ಚಳವಳಿಯ ಒಡನಾಟ, ಹಾಸನದ ನಗರಸಭೆಯ ಸದಸ್ಯತ್ವ, ವಕೀಲಿ, ಇವು ಒಂದರ ಹಿಂದೊಂದು ಬಂದವು. 2000ದಲ್ಲಿ ಮಸೀದಿಯಲ್ಲಿ ಹೆಂಗಸರ ಪ್ರಾರ್ಥನೆಯ ಹಕ್ಕನ್ನು ಸಮರ್ಥಿಸಿದ್ದಕ್ಕಾಗಿ ಕುಟುಂಬಸಮೇತ ಸಾಮಾಜಿಕ ಬಹಿಷ್ಕಾರವನ್ನೂ ಅನುಭವಿಸಿದರು. 'ಕರಿ ನಾಗರಗಳು' ಕಥೆಯಿಂದ ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಿತ್ರ ಮೂಡಿತು. 2025ರ ಮೇ ತಿಂಗಳಿನಲ್ಲಿ, ದೀಪಾ ಭಾಸ್ತಿಯವರ ಅನುವಾದದ ಹನ್ನೆರಡು ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಸಂದಿತು. ಕನ್ನಡಕ್ಕೂ ಸಣ್ಣಕಥಾಸಂಕಲನವೊಂದಕ್ಕೂ ಆ ಗೌರವ ಅದೇ ಮೊದಲು.

ನನ್ನ ಗಮನವನ್ನು ಬಹುಮಾನಕ್ಕಿಂತ ಹೆಚ್ಚಾಗಿ ಸೆಳೆಯುವುದು 'ಎದೆಯ ಹಣತೆ' ಎಂಬ ಕಥೆ. ಗಂಡನು ಬೇರೊಬ್ಬಳ ಪಾಲಾದನೆಂದು ತವರಿಗೆ ಬಂದ ಮೆಹರುನ್‌ಳನ್ನು ತವರಿನವರು ಮಾನದ ಹೆಸರಿನಲ್ಲಿ ಗಂಡನ ಮನೆಗೇ ಮರಳಿ ಬಿಟ್ಟು ಹೋಗುತ್ತಾರೆ. ಆ ರಾತ್ರಿ ಸಾವಿನ ಹೊಸ್ತಿಲಲ್ಲಿ ನಿಂತ ಅವಳನ್ನು ತಡೆಯುವವಳು ಕೂಸನ್ನೆತ್ತಿಕೊಂಡು ಬಂದ ಹಿರಿಯ ಮಗಳು. ಸ್ವಾನುಭವದ ನೆರಳು ಇಲ್ಲಿ ಸ್ಪಷ್ಟವಿದೆ. ಆದರೆ ತನ್ನನ್ನು ಉಳಿಸಿದ ಪತಿಯನ್ನು ಲೇಖಕಿಯು ಕಥೆಯೊಳಗೆ ತರಲಿಲ್ಲ. ತನಗೆ ದೊರೆತ ಆಸರೆಯು ಎಲ್ಲರಿಗೂ ದೊರೆಯುವಂಥದಲ್ಲವೆಂಬ ನಿಷ್ಠುರ ತಿಳಿವಳಿಕೆಯಿಂದಲೇ ಅವರು ಆ ಭಾರವನ್ನು ಎಳೆಯ ಮಗಳ ಕೈಗಿತ್ತರೆಂದು ನಾನು ಭಾವಿಸುತ್ತೇನೆ. ರೋಗವನ್ನು ಒಬ್ಬಳ ಎದೆಯೊಳಗಿನ ದೋಷವೆಂದು ಬಗೆಯದೆ, ತವರು, ಗಂಡ, ಜಮಾತು, ನೆರೆಹೊರೆ ಎಲ್ಲರೂ ಕೂಡಿ ಒಡ್ಡಿದ ಸಂಕಟವೆಂದು ತೋರಿಸಿದುದೇ ಮಾನಸಿಕ ಆರೋಗ್ಯದ ವಿಚಾರಕ್ಕೆ ಬಾನು ಅವರ ಕಾಣಿಕೆ. ವೈದ್ಯಗ್ರಂಥಗಳು ಇದನ್ನು ಹೇಳಿಯಾವು. ಓದುಗನ ಕರುಳಿಗೆ ಮುಟ್ಟಿಸುವ ಶಕ್ತಿ ಅವಕ್ಕಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕುಳಿತು ಈ ಕಥೆಯನ್ನೋದುವವರಿಗೆ ಹಾಸನವು ದೂರವೆನಿಸುವುದಿಲ್ಲ. ಎಣ್ಣೆಗಿರಣಿಗಳ ಚಳ್ಳಕೆರೆಯಲ್ಲಿಯೂ ರೇಷ್ಮೆಮಗ್ಗಗಳ ಮೊಳಕಾಲ್ಮೂರಿನಲ್ಲಿಯೂ ಕನ್ನಡ, ತೆಲುಗು, ದಖನಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಬಾಣಂತಿ ಮಂಕಾಗಿ ಕುಳಿತರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವುದು, ಉನ್ಮಾದ ಮೀರಿದರೆ ಬಾಣಂತಿ ಸನ್ನಿಯೆಂದು ಕೈಚೆಲ್ಲುವುದು ಮತಭೇದವಿಲ್ಲದೆ ಕಾಣುವ ರೂಢಿ. ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಸೂತಕದ ನಿಮಿತ್ತ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಣ ಗುಡಿಸಲಿನಲ್ಲಿ ಇರಿಸುವ ಸಂಪ್ರದಾಯ ಇನ್ನೂ ಪೂರ್ತಿ ಅಳಿದಿಲ್ಲ. ಸಂಗಡಿಗರ ಸಾಮೀಪ್ಯವೇ ಔಷಧವಾಗಬೇಕಾದ ದಿನಗಳಲ್ಲಿ ಹಸಿಬಾಣಂತಿಯನ್ನು ಏಕಾಂತಕ್ಕೆ ನೂಕುವುದು ಘೋರವಾದ ಅನ್ಯಾಯ. ಸಂಪ್ರದಾಯದ ಮೇಲಿನ ಗೌರವವು ಇದನ್ನು ಮುಚ್ಚಲಾರದು.

ಇಂದು 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸೇವೆಯಲ್ಲಿ ಹಗಲಿರುಳೂ ಸಮಾಲೋಚನೆ ದೊರೆಯುತ್ತದೆ. ಇದನ್ನು ಪ್ರತಿಯೊಬ್ಬ ಬಾಣಂತಿಯ ಮನೆಗೂ ತಿಳಿಸುವುದು ಆಶಾ ಕಾರ್ಯಕರ್ತೆಯರ ಹೊಣೆ ಮಾತ್ರವಲ್ಲ. ಚಳ್ಳಕೆರೆ, ಮೊಳಕಾಲ್ಮೂರುಗಳ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳುವ ಮಿತ್ರರಲ್ಲಿ ನನ್ನದೊಂದು ಬಿನ್ನಹವೂ ಇದೆ: ಬಾನು ಅವರ ಕಥೆಗಳನ್ನು ತರಗತಿಯಲ್ಲಿ ಓದಿಸಿರಿ, ಆಮೇಲೆ ವಿದ್ಯಾರ್ಥಿನಿಯರನ್ನು ತಮ್ಮ ತಾಯಿ ಅಜ್ಜಿಯರ ಬಾಣಂತನದ ಅನುಭವವನ್ನು ಅವರವರ ಮಾತಿನಲ್ಲಿಯೇ, ಹೆಸರನ್ನು ಮರೆಸಿ, ಬರೆದಿಡುವಂತೆ ಪ್ರೇರೇಪಿಸಿರಿ.